ಒಂಬತ್ತು ತೂಬು, ಒಂದು ಸ್ಪೀಕರ್

ಸ್ವಿಚ್ ಹಾಕಿ 20 ಸೆಕೆಂಡ್ ಆಯ್ತು. ಇನ್ನೂ ದನಿ ಬಂದಿಲ್ಲ. ಮುಂದಿನ ಸಾಲಿನಲ್ಲಿ ಕೂತವರು ಸ್ವಲ್ಪ ಬಗ್ಗಿ ಈ ಪೆಟ್ಟಿಗೆಯ, ಅಂದರೆ ಗಿಟಾರಿನ ದನಿ ದೊಡ್ಡದು ಮಾಡುವ ಆಂಪ್ಲಿಫೈಯರಿನ, ಹಿಂಭಾಗ ನೋಡಿ. ಗಾಜಿನ ಬುರುಡೆಗಳ ಒಳಗೆ ಕೆಂಡದ ಬಣ್ಣದ ಒಂದು ಸಣ್ಣ ಗೆರೆ ಕಾಣುತ್ತಿದೆ, ಅಲ್ವಾ? ಅದು ಪೂರ್ತಿ ಕೆಂಪಾಗಬೇಕು. ಆಮೇಲೇ ಮಾತು.

ತಿಪಟೂರಿನಲ್ಲಿ ನಮ್ಮ ದೊಡ್ಡಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ವಾಲ್ವ್ ರೇಡಿಯೋ ಕಾಲ ಅದು. ವಾಲ್ವ್ ಅಂದರೆ ಇಂಥ ಗಾಜಿನ ಬುರುಡೆಗಳೇ. ಶಾಲೆ ಬಿಟ್ಟ ಮೇಲೆ ನಾನು ಅವರ ಅಂಗಡಿಯಲ್ಲೇ ಇರುತ್ತಿದ್ದೆ. ರೇಡಿಯೋ ಹಾಕಿದ ತಕ್ಷಣ ಹಾಡು ಬರಲಿಲ್ಲ ಅಂತ ನಾನು ಗುಂಡಿ ತಿರುಗಿಸಲು ಹೋದರೆ, "ತಡಿ ಮಗ, ಅದು ಕಾಯೋವರೆಗೂ ನಾವು ಕಾಯಬೇಕು" ಅನ್ನುತ್ತಿದ್ದರು. ಮೊದಲು ಹಸಿರು ದೀಪ ನಿಧಾನಕ್ಕೆ ಕಣ್ಣು ಬಿಡುತ್ತಿತ್ತು. ಆಮೇಲೆ ಎಲ್ಲೋ ದೂರದಿಂದ ಹತ್ತಿರ ಬಂದ ಹಾಗೆ ದನಿ ಏಳುತ್ತಿತ್ತು. ಈ ಗಿಟಾರ್ ಆಂಪ್ಲಿಫೈಯರ್, ಚಿಕ್ಕದಾಗಿ ಆಂಪ್, ಕೂಡ ಅದೇ ಮನೆತನದ್ದು. ಅದಕ್ಕೇ ಇದನ್ನು ಮೊದಲ ಸಲ ಬಿಚ್ಚಿ ನೋಡಿದಾಗ ನನಗೆ ಯಾವುದೂ ಹೊಸದು ಅನ್ನಿಸಲಿಲ್ಲ.

ಇದು ಫೆಂಡರ್ ಕಂಪನಿಯ ಡಿಲಕ್ಸ್ ರಿವರ್ಬ್. ಮೊದಲು ಬಂದದ್ದು 1963ರಲ್ಲಿ. ನನ್ನ ಹತ್ತಿರ ಇರುವುದು ಹಳೆಯದಲ್ಲ, ಅದೇ ನಕ್ಷೆ ಇಟ್ಟುಕೊಂಡು ಕಂಪನಿ ಆಮೇಲೆ ಮತ್ತೆ ತಯಾರಿಸಿದ್ದು. 22 ವ್ಯಾಟ್. 12 ಇಂಚಿನ ಒಂದೇ ಸ್ಪೀಕರ್. ಒಂಬತ್ತು ವಾಲ್ವ್, ಒಂಬತ್ತು ಗುಂಡಿ. ತೂಕ ಸುಮಾರು 19 ಕೆಜಿ. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುವುದರಿಂದ ಇದಕ್ಕೆ ಕಾಂಬೊ ಅನ್ನುತ್ತಾರೆ. ಒಂದು ಕೈಯಲ್ಲಿ ಇದು, ಇನ್ನೊಂದು ಕೈಯಲ್ಲಿ ಗಿಟಾರು. ಆಟೋದಲ್ಲಿ ಇಟ್ಟುಕೊಂಡು ಹೋಗಬಹುದು. ಇವತ್ತು ಬಂದದ್ದೂ ಹಾಗೇ.

ಬರುವ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಸರ್, ಇದರಲ್ಲಿ ಎಷ್ಟು ಸೌಂಡ್ ಇದೆ?" ಅವರ ಕೈಯಲ್ಲಿರುವ ಡಿಜಿಟಲ್ ಯಂತ್ರದಲ್ಲಿ ನೂರಾರು ಸೌಂಡ್ ಇರುತ್ತವೆ, ಸಾಲಾಗಿ ನಂಬರ್ ಹಾಕಿ ಜೋಡಿಸಿರುತ್ತಾರೆ. ಇದರಲ್ಲಿ ನಂಬರ್ ಇಲ್ಲ, ಪರದೆ ಇಲ್ಲ. ನಡು ದನಿಗೆ ಮಿಡ್ಲ್ ಅನ್ನುವ ಗುಂಡಿ ಕೂಡ ಇಲ್ಲ, ಚೂಪು ದನಿಗೆ ಟ್ರೆಬಲ್, ದಪ್ಪ ದನಿಗೆ ಬಾಸ್ ಅಷ್ಟೇ. ಆದರೂ ಇದು ಎಲ್ಲದಕ್ಕೂ ಒಗ್ಗುತ್ತದೆ ಅಂತ ನಾನು ಹೇಳುತ್ತೇನೆ. ಯಾಕೆ ಅಂದರೆ ಇದರ ಸೌಂಡ್‌ಗಳು ಗುಂಡಿಯಲ್ಲಿ ಕೂತಿಲ್ಲ. ನಿಮ್ಮ ಬೆರಳಲ್ಲಿ, ಗಿಟಾರಿನ ವಾಲ್ಯೂಮ್ ಗುಂಡಿಯಲ್ಲಿ ಇವೆ. ನೀವು ಏನು ಮಾಡಿದರೂ ಇದು ಅದಕ್ಕೆ ಉತ್ತರ ಕೊಡುತ್ತದೆ. ಇವತ್ತು ನಾನು ತೋರಿಸಬೇಕು ಅಂತ ಬಂದಿರುವುದು ಅದನ್ನೇ.

ಈಗ ಕಾದಿದೆ. ಕೇಳಿ. ಆಂಪ್ ವಾಲ್ಯೂಮ್ ಮೂರರಲ್ಲಿದೆ. (ಮೂರನೇ ತಂತಿಯಲ್ಲಿ ಒಂದೇ ಸ್ವರ ನುಡಿಸಿದ್ದು.) ಠಣ್ ಅಂತ ಬಂತು. ತೊಳೆದಿಟ್ಟ ಸ್ಟೀಲ್ ಲೋಟಕ್ಕೆ ಉಗುರಿನಲ್ಲಿ ಹೊಡೆದ ಹಾಗೆ. ಈಗ ಆಂಪ್ ಆರಕ್ಕೆ ಇಡುತ್ತೇನೆ, ಬಾಸ್ ಗುಂಡಿ ಎರಡಕ್ಕೆ ಇಳಿಸುತ್ತೇನೆ. ಅದೇ ತಂತಿ, ಅದೇ ಜಾಗ. ಮೆಲ್ಲಗೆ ಮೀಟುತ್ತೇನೆ. ಇನ್ನೂ ಶುದ್ಧವಾಗಿಯೇ ಇದೆ. ಈಗ ಸ್ವಲ್ಪ ಜೋರಾಗಿ. ಅಂಚು ಒರಟಾಯ್ತು. ಈಗ ಪೂರ್ತಿ ಬಲ ಹಾಕಿ. ಘರ್ ಅಂತ ಹರಿದು ಒರಟಾಯ್ತು ದನಿ. ನಾನು ಯಾವ ಗುಂಡಿಯನ್ನೂ ಮುಟ್ಟಲಿಲ್ಲ, ನೋಡಿದಿರಿ. ಮಣಿಕಟ್ಟಿನ ಬಲ ಮಾತ್ರ ಬದಲಾಯ್ತು.

ಇದು ಹೇಗೆ ಆಗುತ್ತದೆ ಅಂತ ನೋಡೋಣ. ಇಂಗ್ಲೆಂಡಿನವರು ಈ ಗಾಜಿನ ಬುರುಡೆಗೆ ವಾಲ್ವ್ ಅನ್ನುತ್ತಾರೆ, ಅಮೆರಿಕದವರು ಟ್ಯೂಬ್ ಅನ್ನುತ್ತಾರೆ. ನನ್ನ ಕೇಳಿದರೆ ನಮ್ಮ ತೂಬು ಅನ್ನುವ ಪದವೇ ಸರಿಯಾಗಿ ಹೊಂದುತ್ತದೆ. ಕೆರೆ ತೂಬು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆರೆಯಲ್ಲಿ ನೀರಿನ ಒತ್ತಡ ಇದೆ. ಒಬ್ಬ ಮನುಷ್ಯ ತೂಬಿನ ಕೋಲನ್ನು ಒಂದು ಗೇಣು ಎತ್ತಿದರೆ ಸಾಕು, ಅಷ್ಟೂ ಗದ್ದೆಗೆ ನೀರು ನುಗ್ಗುತ್ತದೆ. ಇಲ್ಲಿ ಕಾದ ಲೋಹದ ಕೊಳವೆಯಿಂದ ಎಲೆಕ್ಟ್ರಾನ್‌ಗಳು ಹೊರಗೆ ಬರುತ್ತವೆ. ಸುತ್ತಲೂ ಇರುವ ತಗಡಿಗೆ ನೂರಾರು ವೋಲ್ಟ್ ಕೊಟ್ಟಿರುತ್ತಾರೆ, ಅದು ಅವುಗಳನ್ನು ಎಳೆಯುತ್ತದೆ. ನಡುವೆ ಸಣ್ಣ ತಂತಿಯ ಜಾಲರಿ. ಗಿಟಾರಿನಿಂದ ಬರುವ ಕರೆಂಟು ಒಂದು ವೋಲ್ಟಿನ ಹತ್ತರಲ್ಲಿ ಒಂದು ಭಾಗದ ಆಸುಪಾಸು. ಅದು ಆ ಜಾಲರಿಗೆ ಹೋಗುತ್ತದೆ. ಅಷ್ಟು ಸಣ್ಣ ಅಲುಗಾಟಕ್ಕೆ ಆಚೆ ಕಡೆ ದೊಡ್ಡ ಪ್ರವಾಹ ಏರುತ್ತದೆ, ಇಳಿಯುತ್ತದೆ.

ತೂಬು ಪೂರ್ತಿ ಎತ್ತಿದ ಮೇಲೆ ಇನ್ನೂ ಎತ್ತಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಹೋಗುವಷ್ಟು ನೀರು ಆಗಲೇ ಹೋಗುತ್ತಿದೆ. ಪೂರ್ತಿ ಮುಚ್ಚಿದ ಮೇಲೂ ಅಷ್ಟೇ. ವಾಲ್ವ್‌ಗೆ ನೀವು ಅದರ ಶಕ್ತಿ ಮೀರಿ ಕೊಟ್ಟಾಗ ಅಲೆಯ ತುದಿ ಮೇಲೆ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ಆದರೆ ಥಟ್ಟನೆ ನಿಲ್ಲುವುದಿಲ್ಲ. ಹತ್ತಿರ ಬರುತ್ತಾ ಬರುತ್ತಾ ಸ್ವಲ್ಪ ಸ್ವಲ್ಪವೇ ಬಗ್ಗುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ ಆದರೆ ಕೊನೆಯವರೆಗೂ ನೇರ ಹೋಗಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಒಡೆದ ಹೆಂಚಿನ ಅಂಚು ಮುಟ್ಟಿ ನೋಡಿ, ಆಮೇಲೆ ಹೊಳೆಯಲ್ಲಿ ಉರುಳಿ ಬಂದ ಕಲ್ಲು ಮುಟ್ಟಿ ನೋಡಿ. ಕಿವಿಗೆ ಕೇಳುವ ವ್ಯತ್ಯಾಸ ಅದು.

ಅಲೆಯ ತುದಿ ಬಗ್ಗಿದಾಗ ದನಿಗೆ ಹೊಸದೇನೋ ಸೇರುತ್ತದೆ. ಸಂಗೀತ ಕಲಿತವರು ಇಲ್ಲಿ ಬಹಳ ಜನ ಇದ್ದೀರಿ, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ತಂಬೂರಿಯ ಕುದುರೆ ಮೇಲೆ ತಂತಿಯ ಕೆಳಗೆ ಜೀವಾಳಿ ದಾರ ಇಡುತ್ತಾರೆ. ದಾರ ಇಲ್ಲದೆ ಮೀಟಿ ನೋಡಿ, ದನಿ ಮೊಂಡಾಗಿ ಬೇಗ ಸಾಯುತ್ತದೆ. ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಸರಿಯಾದ ಜಾಗಕ್ಕೆ ತಂದಾಗ ಅದೇ ತಂತಿ ಝೇಂಕರಿಸುತ್ತದೆ, ಒಂದೇ ಸ್ವರದೊಳಗೆ ಇನ್ನಷ್ಟು ಸ್ವರ ಕೇಳಿಸುತ್ತವೆ. ಅದಕ್ಕೆ ಜೀವಾಳಿ ಅಂತ ಹೆಸರಿಟ್ಟವರಿಗೆ ನನ್ನ ನಮಸ್ಕಾರ. ವಾಲ್ವ್ ಬಗ್ಗಿದಾಗಲೂ ಹೊಸ ಸ್ವರಗಳು ಸೇರುತ್ತವೆ. ಈ ಐದನೇ ತಂತಿ ಸೆಕೆಂಡಿಗೆ 110 ಸಲ ನಡುಗುತ್ತದೆ. ಅದನ್ನು ಸ ಅಂತ ಇಟ್ಟುಕೊಳ್ಳಿ. ವಾಲ್ವ್ ಅದಕ್ಕೆ 220 ಸೇರಿಸುತ್ತದೆ, ಅದು ಮೇಲಿನ ಸ. 330 ಸೇರಿಸುತ್ತದೆ, ಅದು ಆ ಮೇಲಿನ ಸಪ್ತಕದ ಪ. ಪಕ್ಕದಲ್ಲಿ ಯಾರೋ ಶ್ರುತಿ ಹಿಡಿದು ಕೂತ ಹಾಗೆ ಕೇಳುತ್ತದೆ. ಸರಿಯಾದ ಅಳತೆಯಲ್ಲಿ ಬಂದರೆ ಇದನ್ನು ಕೆಟ್ಟ ದನಿ ಅನ್ನುವುದಕ್ಕೆ ಆಗುವುದೇ ಇಲ್ಲ.

ಜೀವಾಳಿ ಸರಿಸುವ ಹಾಗೆಯೇ ಇಲ್ಲೂ ಒಂದು ಜಾಗ ಇದೆ. ನನ್ನ ಈ ಪೆಟ್ಟಿಗೆಯಲ್ಲಿ ಅದು ನಾಲ್ಕು ಮತ್ತು ಆರರ ನಡುವೆ. ನಾಲ್ಕರ ಕೆಳಗೆ ಇದು ಸುಮ್ನೆ ಶುದ್ಧವಾಗಿ ಹಾಡುತ್ತದೆ. ಏಳು ದಾಟಿದರೆ ದನಿ ಹೆಚ್ಚೇನೂ ಏರುವುದಿಲ್ಲ, ಒರಟು ಮಾತ್ರ ಏರುತ್ತದೆ. ನಡುವಿನ ಜಾಗದಲ್ಲಿ ಆಂಪ್ ಎರಡೂ ಕಡೆ ವಾಲಬಲ್ಲದು. ಅಲ್ಲಿ ನಿಲ್ಲಿಸಿ ಗಿಟಾರಿನ ವಾಲ್ಯೂಮ್ ಮೇಲೆ ಕಿರುಬೆರಳು ಇಟ್ಟುಕೊಳ್ಳಿ. ಐದಕ್ಕೆ ಇಳಿಸಿದರೆ ತಿಳಿಯಾದ ದನಿ, ಹಾಡುವವರ ಹಿಂದೆ ಕಾರ್ಡ್ಸ್ ಹಿಡಿಯುವುದಕ್ಕೆ. ಏಳಕ್ಕೆ ಏರಿಸಿದರೆ ಸ್ವಲ್ಪ ಖಾರ. ಹತ್ತಕ್ಕೆ ಏರಿಸಿದರೆ ಸೋಲೋ. (ಮೂರೂ ಬಗೆ ನುಡಿಸಿ ತೋರಿಸಿದ್ದು.) ಆಂಪ್ ಕಡೆ ತಿರುಗಿ ನೋಡುವ ಅಗತ್ಯವೇ ಬೀಳಲಿಲ್ಲ.

ಇದನ್ನು ಒಂದು ದಾರಿಯಾಗಿಯೇ ಮಾಡಿಕೊಂಡವರು ಇಂಗ್ಲೆಂಡಿನ ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಿಯಾನ್ ಮೇ. ಅವರ ಗಿಟಾರನ್ನು ಅವರೂ ಅವರ ತಂದೆಯೂ ಸೇರಿ ಮನೆಯಲ್ಲೇ ಮಾಡಿದ್ದು. ಅದರ ಕತ್ತಿನ ಮರ ಹಳೆಯ ಬೆಂಕಿಗೂಡಿನ ಚೌಕಟ್ಟಿನದು. ಮೀಟುವುದಕ್ಕೆ ಆರು ಪೆನ್ಸಿನ ಹಳೆಯ ನಾಣ್ಯ. ಆಂಪ್ ವಾಕ್ಸ್ ಎಸಿ30, ಇದೂ ಕಾಂಬೊ. ಅದರ ವಾಲ್ಯೂಮನ್ನು ಪೂರ್ತಿ ಏರಿಸಿಬಿಡುತ್ತಾರೆ. ಆಮೇಲೆ ಎಲ್ಲವನ್ನೂ ಗಿಟಾರಿನ ಗುಂಡಿಯಲ್ಲೇ ನೋಡಿಕೊಳ್ಳುತ್ತಾರೆ. ಮೆಲುದನಿ ಬೇಕಾದರೆ ಗುಂಡಿ ಇಳಿಸುತ್ತಾರೆ, ಹತ್ತು ಪಿಟೀಲು ಒಟ್ಟಿಗೆ ಹಾಡಿದ ಹಾಗೆ ಬೇಕಾದರೆ ಏರಿಸುತ್ತಾರೆ. ಅಷ್ಟು ಬಣ್ಣಗಳಲ್ಲಿ ಬಹಳಷ್ಟು ಆ ಒಂದು ಬಗೆಯ ಪೆಟ್ಟಿಗೆಯಿಂದ ಬಂದವು ಅಂದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಎಸಿ30 ಅಂದ ತಕ್ಷಣ ನಮ್ಮ ಊರಿನ ಒಂದು ಮಾತು ಹೇಳಬೇಕು. ಆ ಆಂಪಿನ ಕೊನೆಯ ಹಂತದಲ್ಲಿ ನಾಲ್ಕು ಇಎಲ್84 ವಾಲ್ವ್ ಇರುತ್ತವೆ. ಇಂಗ್ಲೆಂಡಿನ ಡಾರ್ಟ್‌ಫರ್ಡಿನಲ್ಲಿ ಡಿಕ್ ಡೆನ್ನಿ ಅನ್ನುವವರು ಅದನ್ನು ರೂಪಿಸಿದ್ದು. ಶ್ಯಾಡೋಸ್ ಅನ್ನುವ ವಾದ್ಯದ ತಂಡ ಅದನ್ನು ಬಳಸಿತು, 1962ರಿಂದ ಬೀಟಲ್ಸ್ ಕೂಡ ವಾಕ್ಸ್ ಆಂಪ್‌ಗಳನ್ನೇ ಬಳಸಿದರು. ಈಗ ಇತ್ತ ನೋಡಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ಅಂದರೆ ಬಿಇಎಲ್, 1961ರಿಂದ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು. ಅದರಲ್ಲಿ ಇಎಲ್84 ಕೂಡ ಒಂದು. ದೊಡ್ಡಪ್ಪನ ಅಂಗಡಿಯ ಡಬ್ಬದಲ್ಲಿ ಬಿಇಎಲ್ ಅಂತ ಅಚ್ಚಾದ ವಾಲ್ವ್‌ಗಳು ಹತ್ತಿಯ ಮೇಲೆ ಮಲಗಿರುತ್ತಿದ್ದವು. ಚಿತ್ರಗೀತೆ ಕೇಳಿಸುತ್ತಿದ್ದ ನಮ್ಮ ಮನೆ ರೇಡಿಯೋದೊಳಗೆ ಇದ್ದದ್ದೂ, ಲಂಡನ್ನಿನ ವೇದಿಕೆಯಲ್ಲಿ ಗಿಟಾರು ಗುಡುಗಿಸುತ್ತಿದ್ದದ್ದೂ ಒಂದೇ ಬಗೆಯ ವಾಲ್ವ್. ಜಾಲಹಳ್ಳಿಯ ಹಳೆಯ ಇಎಲ್84ಗಳನ್ನು ಈಗಲೂ ಗಿಟಾರ್ ಆಂಪಿಗೆ ಅಂತ ಹುಡುಕಿ ಕೊಳ್ಳುವವರು ಇದ್ದಾರೆ. ಆ ಕೆಲಸ ಮಾಡಿದವರ ಮನೆಯವರು ಯಾರಾದರೂ ಇಲ್ಲಿ ಇದ್ದರೆ ದಯವಿಟ್ಟು ಆಮೇಲೆ ನನ್ನ ಹತ್ತಿರ ಮಾತಾಡಿ.

ಮತ್ತೆ ನಮ್ಮ ಪೆಟ್ಟಿಗೆಗೆ ಬರೋಣ. ಇದನ್ನು ಮಾಡಿದ ಲಿಯೋ ಫೆಂಡರ್ ಕೂಡ ರೇಡಿಯೋ ರಿಪೇರಿಯವರೇ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ 1938ರಲ್ಲಿ ಅಂಗಡಿ ಇಟ್ಟರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ನುಡಿಸುವವರನ್ನು ಕೇಳುತ್ತಾ ಕೇಳುತ್ತಾ ತಿದ್ದಿದರು. ಅವರಿಗೆ ಬೇಕಾಗಿದ್ದದ್ದು ಸ್ವಚ್ಛವಾದ ದನಿ. ದನಿ ಹರಿದು ಒರಟಾಗಬಾರದು ಅಂತ ಒಂದೊಂದು ಮಾದರಿಯಲ್ಲೂ ಕಷ್ಟಪಟ್ಟರು. ನುಡಿಸುವವರು ಮಾತ್ರ ವಾಲ್ಯೂಮ್ ಏರಿಸಿ, ಹರಿಯುವ ಆ ಅಂಚಿನಲ್ಲೇ ತಮಗೆ ಬೇಕಾದ್ದನ್ನು ಕಂಡುಕೊಂಡರು.

ಲಂಡನ್ನಿನಲ್ಲೂ ಹಾಗೇ ಆಯ್ತು. ಜಿಮ್ ಮಾರ್ಷಲ್ ಅನ್ನುವವರು ಡ್ರಮ್ಸ್ ನುಡಿಸುತ್ತಿದ್ದರು, ಹ್ಯಾನ್ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದರು. ಅಮೆರಿಕದಿಂದ ಬರುವ ಆಂಪ್ ಬಹಳ ದುಬಾರಿ. ಅದಕ್ಕೆ 1962ರಲ್ಲಿ ಫೆಂಡರ್ ಬಾಸ್‌ಮ್ಯಾನ್ ಆಂಪಿನ ನಕ್ಷೆಯನ್ನೇ ಮುಂದಿಟ್ಟುಕೊಂಡು, ಇಂಗ್ಲೆಂಡಿನಲ್ಲಿ ಸಿಗುವ ಭಾಗಗಳನ್ನು ಹಾಕಿ ತಮ್ಮ ಜನರಿಂದ ಒಂದು ಆಂಪ್ ಮಾಡಿಸಿದರು. ನಕ್ಷೆ ಹೆಚ್ಚುಕಮ್ಮಿ ಅದೇ, ವಾಲ್ವ್ ಬೇರೆ, ಟ್ರಾನ್ಸ್‌ಫಾರ್ಮರ್ ಬೇರೆ, ಸ್ಪೀಕರ್ ಬೇರೆ. ದನಿ ಪೂರ್ತಿ ಬೇರೆಯೇ ಆಗಿಬಿಟ್ಟಿತು. ಒಂದೇ ಸಾರಿನ ಪುಡಿ, ನೀರು ಬೇರೆ ಆದರೆ ರುಚಿ ಬೇರೆ ಆಗುವುದಿಲ್ಲವಾ, ಹಾಗೆ. ಅದನ್ನೇ ಎರಡು ಸ್ಪೀಕರಿನ ಕಾಂಬೊ ಮಾಡಿದರು. ಅದರ ಮಾಡೆಲ್ ನಂಬರ್ 1962. ಅದು ಇಸವಿ ಅಂದುಕೊಂಡು ಬಹಳ ಜನ ಮೋಸ ಹೋಗುತ್ತಾರೆ. 1966ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್, ಜಾನ್ ಮೇಯಾಲ್ ಅವರ ಬ್ಲೂಸ್‌ಬ್ರೇಕರ್ಸ್ ತಂಡದ ಜೊತೆ ರೆಕಾರ್ಡಿಂಗಿಗೆ ಹೋದಾಗ ಈ ಕಾಂಬೊ ತಂದರು. ವೇದಿಕೆಯಲ್ಲಿ ಎಷ್ಟು ಜೋರಾಗಿ ನುಡಿಸುತ್ತಾರೋ ಸ್ಟುಡಿಯೋದಲ್ಲೂ ಅಷ್ಟೇ ಜೋರಾಗಿ ನುಡಿಸುತ್ತೇನೆ ಅಂತ ಪಟ್ಟು ಹಿಡಿದರು. ಸಣ್ಣ ದನಿಯಲ್ಲಿ ಆ ಆಂಪ್ ಮಾತಾಡುವುದೇ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಆಮೇಲೆ ಆ ಕಾಂಬೊಗೆ ಬ್ಲೂಸ್‌ಬ್ರೇಕರ್ ಅಂತಲೇ ಹೆಸರು ಬಿತ್ತು.

ಜೋರು ಅಂದೆ. ವ್ಯಾಟ್ ಲೆಕ್ಕದಲ್ಲಿ ಜನ ಬಹಳ ತಪ್ಪುತ್ತಾರೆ, ಅದನ್ನು ಬೇಗ ಮುಗಿಸುತ್ತೇನೆ. ಇದು 22 ವ್ಯಾಟ್, ಇದರ ಅಣ್ಣ ಟ್ವಿನ್ ರಿವರ್ಬ್ 85 ವ್ಯಾಟ್. ನಾಲ್ಕು ಪಟ್ಟು ಜೋರು ಅಂತೀರಾ? ದನಿ ಅಳೆಯುವ ಲೆಕ್ಕದಲ್ಲಿ 6 ಡೆಸಿಬೆಲ್ ಮಾತ್ರ ಜಾಸ್ತಿ. ನಮ್ಮ ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ನಾನು ವರ್ಷಗಟ್ಟಲೆ ನುಡಿಸಿದ್ದೇನೆ. ಮೈಕ್ ಇಟ್ಟರೆ ಈ 22 ವ್ಯಾಟ್ ಬೀದಿ ತುಂಬಾ ಕೇಳುತ್ತದೆ. ಮನೆಗೆ ಅಂತೂ ಇದೇ ಜಾಸ್ತಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಇದಕ್ಕಿಂತ ಸಣ್ಣದು, 12 ವ್ಯಾಟ್ ಆಸುಪಾಸಿನದು, ಅಥವಾ 5 ವ್ಯಾಟಿನದು ನೋಡಿ. ವಾಲ್ವ್ ಬಗ್ಗುವ ಜಾಗದವರೆಗೆ ಏರಿಸಲಾಗದ ದೊಡ್ಡ ಆಂಪ್ ಇಟ್ಟುಕೊಂಡು ಪ್ರಯೋಜನ ಇಲ್ಲ.

ಈ ಪೆಟ್ಟಿಗೆಯನ್ನು ಎರಡರಲ್ಲಿ ಇಟ್ಟು ನುಡಿಸಿದರೆ ದನಿ ತೆಳುವಾಗಿ ಚುಚ್ಚುತ್ತದೆ ಅಂತ ಕೆಲವರು ದೂರುತ್ತಾರೆ. ಅವರು ಹೇಳುವುದು ನಿಜ. ವಾಲ್ಯೂಮ್ ಗುಂಡಿಗೆ ಅಡ್ಡಲಾಗಿ 47 ಪಿಕೊಫ್ಯಾರಡ್‌ನ ಒಂದು ಸಣ್ಣ ಕೆಪಾಸಿಟರ್ ಇದೆ. ಗುಂಡಿ ಕೆಳಗಿದ್ದಾಗ ಮಿಕ್ಕ ದನಿ ತಡೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಚೂಪು ದನಿ ಮಾತ್ರ ಈ ಕಳ್ಳದಾರಿಯಲ್ಲಿ ನುಸುಳಿ ಹೋಗುತ್ತದೆ. ಗುಂಡಿ ಮೇಲೆ ಹೋದಂತೆ ಅದರ ಆಟ ನಿಲ್ಲುತ್ತದೆ. ಕೆಲವರು ಅದರ ಕಾಲು ಕತ್ತರಿಸಿ ಹಾಕುತ್ತಾರೆ. ನಾನು ಕತ್ತರಿಸಿಲ್ಲ. ಟೆಲಿಕಾಸ್ಟರ್ ಗಿಟಾರಿಗೆ ಟ್ರೆಬಲ್ ಮೂರಕ್ಕೆ ಇಳಿಸಿದರೆ ನನಗೆ ಸಾಕು.

ಈಗ ನನಗೆ ಬಹಳ ಇಷ್ಟದ ಒಂದು ಗುಣ. ಹಳ್ಳಿಯಲ್ಲಿ ಪಕ್ಕದ ತೋಟದವರು ಪಂಪ್‌ಸೆಟ್ ಹಾಕಿದಾಗ ನಮ್ಮ ಮನೆ ಬಲ್ಬು ಒಂದು ಕ್ಷಣ ಮಂಕಾಗಿ ಮತ್ತೆ ಬೆಳಗುತ್ತಿತ್ತು, ನೆನಪಿದೆಯಾ? ಮೋಟರ್ ಒಂದೇ ಸಲಕ್ಕೆ ಕರೆಂಟ್ ಎಳೆದಾಗ ಲೈನ್ ಜಗ್ಗುತ್ತದೆ. ಈ ಪೆಟ್ಟಿಗೆಯೊಳಗೂ ಹಾಗೇ ಆಗುತ್ತದೆ. ಗೋಡೆಯಿಂದ ಬರುವ ಎಸಿ ಕರೆಂಟನ್ನು ಡಿಸಿ ಮಾಡುವುದಕ್ಕೂ ಇಲ್ಲಿ ಒಂದು ವಾಲ್ವೇ ಇದೆ, ಜಿಝಡ್34 ಅಂತ. ನೀವು ತಂತಿಯನ್ನು ಜೋರಾಗಿ ಮೀಟಿದಾಗ ಕೊನೆಯ ಎರಡು ವಾಲ್ವ್‌ಗಳು ಒಂದೇ ಸಲ ಕರೆಂಟ್ ಎಳೆಯುತ್ತವೆ, ಒಳಗಿನ ವೋಲ್ಟೇಜ್ ಜಗ್ಗುತ್ತದೆ. ಸ್ವರದ ಮೊದಲ ಪೆಟ್ಟು ಸ್ವಲ್ಪ ಮೆತ್ತಗಾಗುತ್ತದೆ. ಮರುಕ್ಷಣ ವೋಲ್ಟೇಜ್ ಚೇತರಿಸಿಕೊಂಡಾಗ ಸ್ವರ ಉಬ್ಬಿ ಬರುತ್ತದೆ. ಅಷ್ಟರಲ್ಲಿ ತಂತಿ ಸಾಯಲು ಶುರುವಾಗಿರುತ್ತದೆ, ಆಂಪ್ ಅದನ್ನು ಎತ್ತಿ ಹಿಡಿಯುತ್ತದೆ.

ಇದು ನನಗೆ ಎಲ್ಲಿ ಕೆಲಸಕ್ಕೆ ಬಂತು ಗೊತ್ತಾ? ಶುದ್ಧ ಧನ್ಯಾಸಿಯಲ್ಲಿ. ಅಮೆರಿಕದ ಬ್ಲೂಸ್ ಗಿಟಾರಿನವರು ದಿನವೂ ನುಡಿಸುವ ಐದು ಸ್ವರಗಳೂ ಶುದ್ಧ ಧನ್ಯಾಸಿಯ ಐದು ಸ್ವರಗಳೂ ಒಂದೇ. ಸ ಗ ಮ ಪ ನಿ. ಆದರೆ ನಮಗೆ ಗಾಂಧಾರವನ್ನು ಸುಮ್ನೆ ಮುಟ್ಟಿ ಬಿಟ್ಟರೆ ಆಗದು. ಅದನ್ನು ಅಲುಗಿಸಬೇಕು, ನಿಷಾದದಿಂದ ಜಾರಿ ಪಂಚಮಕ್ಕೆ ಇಳಿಯಬೇಕು. ಒಣ ದನಿಯ ಆಂಪಿನಲ್ಲಿ ಜಾರು ಅರ್ಧ ದಾರಿಗೆ ಬರುವಷ್ಟರಲ್ಲಿ ಸ್ವರವೇ ಸತ್ತಿರುತ್ತದೆ. ಇಲ್ಲಿ ಕೇಳಿ. (ನಿಷಾದದಿಂದ ಪಂಚಮಕ್ಕೆ ನಿಧಾನವಾಗಿ ಜಾರಿ ತೋರಿಸಿದ್ದು.) ಒಂದೇ ಮೀಟು, ಕೊನೆಯವರೆಗೂ ದನಿ ನಿಂತಿತು. ಮ್ಯಾಂಡೊಲಿನ್ ಶ್ರೀನಿವಾಸ್ ಅವರು ತಮ್ಮ ಪುಟ್ಟ ವಾದ್ಯಕ್ಕೆ ಪಿಕಪ್, ಅಂದರೆ ತಂತಿಯ ನಡುಕವನ್ನು ಕರೆಂಟು ಮಾಡುವ ತುಣುಕು, ಹಾಕಿ ಕರ್ನಾಟಕ ಸಂಗೀತ ನುಡಿಸಿದರು. ಗಿಟಾರಿನಲ್ಲಿ ಪ್ರಸನ್ನ ಅವರು ಆ ದಾರಿಯಲ್ಲಿ ನಡೆದರು. ವಾದ್ಯಕ್ಕೆ ವಿದ್ಯುತ್ ಸೇರಿದ್ದು ಜೋರು ಮಾಡುವುದಕ್ಕೆ ಮಾತ್ರ ಅಂತ ಅಂದುಕೊಂಡರೆ ಅವರ ಕೆಲಸದ ಅರ್ಧ ಭಾಗ ನಮ್ಮ ಕಿವಿಗೆ ಬೀಳುವುದಿಲ್ಲ. ಸ್ವರ ಎಷ್ಟು ಹೊತ್ತು ಉಸಿರು ಹಿಡಿಯುತ್ತದೆ ಅನ್ನುವುದೂ ಅದರಲ್ಲೇ ಇದೆ.

ರಿವರ್ಬ್ ಅನ್ನುವುದು ಬಾವಿಗೆ ಬಗ್ಗಿ ಕೂಗಿದಾಗ ಬರುವ ದನಿ. ಪೆಟ್ಟಿಗೆಯ ತಳದಲ್ಲಿ ಒಂದು ಉದ್ದನೆಯ ತಗಡಿನ ತಟ್ಟೆ ಇದೆ, ಅದರಲ್ಲಿ ಸ್ಪ್ರಿಂಗ್‌ಗಳನ್ನು ಕಟ್ಟಿದ್ದಾರೆ. ಒಂದು ತುದಿಯಲ್ಲಿ ದನಿ ಸ್ಪ್ರಿಂಗನ್ನು ಅಲುಗಿಸುತ್ತದೆ, ಅದು ಆ ತುದಿಗೆ ಹೋಗಿ, ಮರಳಿ, ಮತ್ತೆ ಹೋಗಿ, ಹೀಗೆ ತಡವಾಗಿ ಹೊರಗೆ ಬರುತ್ತದೆ. ಈ ತಂತ್ರ ಹ್ಯಾಮಂಡ್ ಆರ್ಗನ್ನಿನಿಂದ ಬಂದದ್ದು. ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟುತ್ತೇನೆ, ಕೇಳಿ. ಗುಡುಗಿದ ಹಾಗೆ ಆಯ್ತಲ್ಲ? ಅದು ಆ ಸ್ಪ್ರಿಂಗ್‌ಗಳದ್ದೇ ಸದ್ದು. ಮೂರರಲ್ಲಿ ಇಟ್ಟರೆ ಕಲ್ಲಿನ ಮಂಟಪದಲ್ಲಿ ಕೂತು ನುಡಿಸಿದ ಹಾಗೆ ಇರುತ್ತದೆ. ಐದು ದಾಟಿದರೆ ಕ್ಯಾಲಿಫೋರ್ನಿಯಾದ ಸಮುದ್ರ ತೀರದ ಸರ್ಫ್ ಸಂಗೀತ, ಗಿಟಾರ್ ವಾದಕ ಡಿಕ್ ಡೇಲ್ ಕಾಲದ್ದು.

ಪಕ್ಕದಲ್ಲಿ ಸ್ಪೀಡ್, ಇಂಟೆನ್ಸಿಟಿ ಅಂತ ಎರಡು ಗುಂಡಿ. ಫೆಂಡರ್ ಇದಕ್ಕೆ ವೈಬ್ರಾಟೊ ಅಂತ ಬರೆದಿದ್ದಾರೆ. ಅದು ತಪ್ಪು ಹೆಸರು. ವೈಬ್ರಾಟೊ ಅಂದರೆ ಸ್ವರವೇ ಮೇಲೆ ಕೆಳಗೆ ಅಲುಗಬೇಕು, ನಮ್ಮ ಕಂಪಿತದ ಹಾಗೆ. ಇಲ್ಲಿ ಸ್ವರ ಅಲ್ಲೇ ಇರುತ್ತದೆ, ದನಿ ಮಾತ್ರ ದೊಡ್ಡದು ಚಿಕ್ಕದು ಆಗುತ್ತದೆ. ಇದರ ಸರಿಯಾದ ಹೆಸರು ಟ್ರೆಮೊಲೊ. ಒಳಗೆ ಇರುವ ಉಪಾಯ ನನಗೆ ಬಹಳ ಚೆಂದ ಅನ್ನಿಸುತ್ತದೆ. ಒಂದು ಪುಟ್ಟ ನಿಯಾನ್ ದೀಪ ಮಿಣುಕುತ್ತಿರುತ್ತದೆ. ಅದರ ಎದುರಿಗೆ ಬೆಳಕು ಬಿದ್ದರೆ ಕರೆಂಟ್ ಬಿಡುವ ಒಂದು ತುಣುಕು. ಎರಡನ್ನೂ ಕಪ್ಪು ಕೊಳವೆಯಲ್ಲಿ ಮುಚ್ಚಿರುತ್ತಾರೆ. ದೀಪ ಹೊತ್ತಿದಾಗ ದನಿ ನೆಲಕ್ಕೆ ಸೋರಿ ತಗ್ಗುತ್ತದೆ, ಆರಿದಾಗ ಏಳುತ್ತದೆ. ಕತ್ತಲೆಯಲ್ಲಿ ಮಿಂಚುಹುಳ ಒಂದು ಕೂತು ತಾಳ ಹಾಕಿದ ಹಾಗೆ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವುದಿಲ್ಲ. ಇದಕ್ಕೂ ಮುಂಚೆ ನಾನು ಒಬ್ಬರ ಹತ್ತಿರ ಅಮೆರಿಕದಿಂದ ಬಂದ ಹಳೆಯ ಆಂಪ್ ಒಂದನ್ನು ಕೊಂಡೆ. ಎಲ್ಲಾ ನಮ್ಮ ಕರೆಂಟಿಗೆ ಹೊಂದಿಸಿದೆ ಅಂತ ಅವರು ಹೇಳಿದರು, ನಾನು ನಂಬಿದೆ. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ಪ್ಲಗ್ ಹಾಕಿದೆ. ದೀಪ ಹೊತ್ತಿಕೊಂಡಿತು, ಬೇಕಾದ್ದಕ್ಕಿಂತ ಜಾಸ್ತಿಯೇ ಬೆಳಗಿತು. ಆಮೇಲೆ ಸುಟ್ಟ ಮೇಣದ ವಾಸನೆ. ಫ್ಯೂಸ್ ಹೋಗಬೇಕಿತ್ತು, ಹೋಗಲಿಲ್ಲ. ಬಿಚ್ಚಿ ನೋಡಿದರೆ ಫ್ಯೂಸಿಗೆ ಬೇಗಡೆ ಸುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಗಿತ್ತು. ಅದನ್ನು ಮತ್ತೆ ಸುತ್ತಿಸುವುದಕ್ಕೆ ತಿಂಗಳುಗಟ್ಟಲೆ ಬೆಂಗಳೂರಿನ ಎಸ್.ಪಿ. ರೋಡಿಗೆ ಓಡಾಡಿದೆ. ಹಿಂದಿನ ತಗಡಿನಲ್ಲಿ ವೋಲ್ಟ್ ಎಷ್ಟು ಬರೆದಿದೆ ನೋಡಿ, ಫ್ಯೂಸ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಪ್ಲಗ್ ಹಾಕಿ.

ಇನ್ನೊಂದು, ಇದು ಅದಕ್ಕಿಂತ ಮುಖ್ಯ. ಈ ಪೆಟ್ಟಿಗೆಯೊಳಗೆ 400 ವೋಲ್ಟಿಗಿಂತ ಜಾಸ್ತಿ ಇದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಯೂಟ್ಯೂಬ್ ನೋಡಿ ಕೈ ಹಾಕಬೇಡಿ. ಗೊತ್ತಿದ್ದವರ ಪಕ್ಕ ಕೂತು ಕಲಿಯಿರಿ. ನನ್ನ ಹತ್ತಿರ ಬಂದರೆ ನಾನೇ ಹೇಳಿಕೊಡುತ್ತೇನೆ.

ವಾಲ್ವ್ ಎಷ್ಟು ದಿನ ಬರುತ್ತದೆ ಅಂತ ಅಲ್ಲಿ ಹಿಂದೆ ಒಬ್ಬರು ಕೇಳಿದರು. ದನಿಯನ್ನು ಮೊದಲು ಬೆಳೆಸುವ ಸಣ್ಣ ವಾಲ್ವ್‌ಗಳು ವರ್ಷಗಟ್ಟಲೆ ಬಾಳುತ್ತವೆ. ಕೊನೆಯ ಎರಡು, ಈ 6ವಿ6ಗಳು, ಸ್ಪೀಕರನ್ನು ದುಡಿಸುವವು. ವಾರಕ್ಕೆ ಮೂರು ದಿನ ಜೋರಾಗಿ ನುಡಿಸಿದರೆ ಎರಡು ವರ್ಷಕ್ಕೆ ಸುಸ್ತಾಗಿರುತ್ತವೆ. ದನಿ ಮಂಕಾಗುತ್ತದೆ, ಬಾಸ್ ಸಡಿಲವಾಗುತ್ತದೆ. ಈಗ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಹೊಸವು ಬರುತ್ತವೆ. ಸಣ್ಣ ವಾಲ್ವ್ ಹಾಳಾಗಿದೆಯಾ ಅಂತ ನೋಡಲು ಪೆನ್ಸಿಲ್ಲಿನ ಹಿಂಬದಿಯಲ್ಲಿ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಗಂಟೆ ಹೊಡೆದ ಹಾಗೆ ಜೋರಾಗಿ ಕೇಳಿದರೆ ಬದಲಾಯಿಸಿ. ದೊಡ್ಡಪ್ಪ ಉಗುರಿನಲ್ಲೇ ತಟ್ಟುತ್ತಿದ್ದರು.

ಕಾಲಲ್ಲಿ ಒತ್ತಿ ದನಿ ಬದಲಾಯಿಸುವ ಪೆಡಲ್ ಹಾಕಬಹುದಾ ಅನ್ನುವುದು ಇನ್ನೊಂದು ಪ್ರಶ್ನೆ. ಧಾರಾಳವಾಗಿ ಹಾಕಿ. ಈ ಆಂಪಿನಲ್ಲಿ ನಡು ದನಿ ಸ್ವಲ್ಪ ಕಡಿಮೆ. ಅದಕ್ಕೇ ಒಬ್ಬರೇ ನುಡಿಸುವಾಗ ಇಷ್ಟು ಸಿಹಿ, ಬ್ಯಾಂಡಿನ ಜೊತೆ ಕೆಲವು ಸಲ ಮುಳುಗುತ್ತದೆ. ಐಬನೆಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಅನ್ನುವ ಹಸಿರು ಪೆಡಲ್ ಸರಿಯಾಗಿ ಆ ನಡು ದನಿಯನ್ನೇ ಎತ್ತುತ್ತದೆ. ಎರಡೂ ಸೇರಿದಾಗ ತಗ್ಗು ತುಂಬಿಕೊಳ್ಳುತ್ತದೆ. ಪೆಡಲ್‌ನ ಡ್ರೈವ್ ಕಡಿಮೆ ಇಡಿ, ಲೆವೆಲ್ ಜಾಸ್ತಿ ಇಡಿ. ಒರಟು ಮಾಡುವ ಕೆಲಸ ವಾಲ್ವ್‌ಗೇ ಬಿಡಿ. ಟ್ರಾನ್ಸಿಸ್ಟರ್ ಆಂಪ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ರೋಲೆಂಡ್ ಜೆಸಿ-120ಯ ಶುದ್ಧ ದನಿ ಕೇಳಿದವರು ಹಾಗೆ ಹೇಳುವುದಿಲ್ಲ. ಹದಿನೆಂಟು ಹಾಡಿಗೆ ಹದಿನೆಂಟು ಬಗೆಯ ದನಿ ಬೇಕಾದ ಕಾರ್ಯಕ್ರಮಕ್ಕೆ ನಾನೂ ಡಿಜಿಟಲ್ ಯಂತ್ರ ತೆಗೆದುಕೊಂಡು ಹೋಗುತ್ತೇನೆ.

ಕೊನೆಗೆ ಎಲ್ಲಿ ಇಡಬೇಕು ಅನ್ನುವುದು. ಕಾಂಬೊದ ಹಿಂಭಾಗ ತೆರೆದಿದೆ, ದನಿ ಹಿಂದಿನಿಂದಲೂ ಬರುತ್ತದೆ. ಗೋಡೆಗೆ ತೀರಾ ಹತ್ತಿರ ಇಟ್ಟರೆ ಬಾಸ್ ಗುಂಯ್ ಅನ್ನುತ್ತದೆ. ಒಂದು ಮೊಳ ಮುಂದೆ ತನ್ನಿ. ಸ್ಪೀಕರಿನ ಚೂಪು ದನಿ ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತದೆ. ನೆಲದ ಮೇಲೆ ಇಟ್ಟು ಪಕ್ಕದಲ್ಲಿ ನಿಂತರೆ ನಿಮ್ಮ ಮೊಣಕಾಲಿಗೆ ಕೇಳುತ್ತದೆ, ನಿಮಗೆ ಕೇಳುವುದಿಲ್ಲ. ಟ್ರೆಬಲ್ ಸಾಲದು ಅಂತ ನೀವು ಏರಿಸುತ್ತೀರಿ, ಮೂರನೇ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟು ಸ್ವಲ್ಪ ಹಿಂದಕ್ಕೆ ಒರಗಿಸಿ, ನಿಮ್ಮ ಕಿವಿಗೇ ಬರುವ ಹಾಗೆ. ಇವತ್ತು ಇಲ್ಲಿ ಇಟ್ಟಿರುವುದೂ ಹಾಗೇ.

ಆಂಪ್ ಇನ್ನೂ ಆನ್ ಇದೆ, ಚೆನ್ನಾಗಿ ಕಾದಿದೆ. ವಾಲ್ಯೂಮ್ ಐದೂವರೆ, ಟ್ರೆಬಲ್ ಐದು, ಬಾಸ್ ಮೂರು, ರಿವರ್ಬ್ ಎರಡೂವರೆ. ಗಿಟಾರಿನ ವಾಲ್ಯೂಮ್ ಆರಕ್ಕೆ ಇಟ್ಟಿದ್ದೇನೆ. ಎಡಗೈಯವರಿಗೆ ಅಂತ ಇನ್ನೊಂದು ಗಿಟಾರು ಅಲ್ಲಿ ಸ್ಟ್ಯಾಂಡಿನಲ್ಲಿ ಇದೆ. ಒಬ್ಬೊಬ್ಬರಾಗಿ ಬನ್ನಿ. ಮೊದಲು ಮೆಲ್ಲಗೆ ಮೀಟಿ, ಅದೇ ಸ್ವರವನ್ನು ಜೋರಾಗಿ ಮೀಟಿ. ಆಂಪಿನ ಗುಂಡಿಗಳನ್ನು ಆಮೇಲೆ ಮುಟ್ಟೋಣ.